ಸೇವಂತಕ್ಕನ ಸೊಟ್ಟ ಬಾವಿ

ಮೊನ್ನೆ ಯಾರೋ ಒಬ್ಬ ಮಹಾಶಯ ನಮ್ಮ ಚಾಳಿನ ಬಾವಿಗೆ ಬಗ್ಗಿ ನೋಡಿ, "ಇದನ್ನು ತೋಡಿದವರು ಕುಡಿದಿದ್ದರೇನ್ರೀ?" ಎಂದು ಕೇಳಿ ಹಲ್ಲು ಕಿರಿದ. ನನಗೆ ಪಿತ್ತ ನೆತ್ತಿಗೇರಿತು. ಹೌದು, ನಮ್ಮ ಬಾವಿ ಸೊಟ್ಟಗಿದೆ. ಮೇಲೆ ದುಂಡಗೆ ಶುರುವಾಗಿ ಆರು ಕೋಲು ಇಳಿದ ಮೇಲೆ ಪೂರ್ವಕ್ಕೆ ವಾಲುತ್ತದೆ. ಕೋಲು ಅಂದರೆ ನಮ್ಮ ಊರ ಕಡೆಯ ಬಾವಿ ತೋಡುವವರ ಅಳತೆ, ಸುಮಾರು ಎರಡೂವರೆ ಅಡಿ. ಇಳಿಬಿಟ್ಟ ಕೊಡ ಒಂದು ಸಲವಾದರೂ ಗೋಡೆಗೆ ಬಡಿಯದೆ ಮೇಲೆ ಬರುವುದಿಲ್ಲ. ಆದರೆ ಅದನ್ನು ಹಾಗೆ ತೋಡಿಸಿದ್ದು ಸೇವಂತಕ್ಕ, ಪೂರ್ತಿ ಎಚ್ಚರದಲ್ಲಿದ್ದುಕೊಂಡೇ. ಕುಡಿದವರ ಹಾಗೆ ಆಡಿದ್ದು ನಾವು, ಅದರಲ್ಲೂ ನಾನು. ಐದು ವರ್ಷ ಆಯಿತು, ಇನ್ನಾದರೂ ಹೇಳಿಬಿಡುತ್ತೇನೆ. ಅವಳಂತೂ ತಾನಾಗಿ ಬಾಯಿ ಬಿಡುವವಳಲ್ಲ.

ನಮ್ಮ ಚಾಳ್, ಅಂದರೆ ಬಾಡಿಗೆಯ ಸಾಲುಮನೆ, ಇರುವುದು ಮುಂಬಯಿಯ ಕಾಂದಿವಲಿ ಸ್ಟೇಷನ್ನಿನಿಂದ ಪೂರ್ವಕ್ಕೆ, ಗದ್ದೆ ದಾಟಿ, ಗುಡ್ಡದ ಬುಡದಲ್ಲಿ. ಹನ್ನೆರಡು ಖೋಲಿ, ಒಂದೊಂದೂ ಒಂದೇ ಕೋಣೆಯ ಮನೆ. ಹಿತ್ತಲಿನಿಂದಲೇ ಕಾಡು ಶುರು. ಅಲ್ಲಿದ್ದವರೆಲ್ಲ ಉಡುಪಿ, ಕಾರ್ಕಳ, ಮೂಡಬಿದಿರೆ ಕಡೆಯವರು, ಹೋಟೆಲುಗಳಲ್ಲಿ ಬೆವರು ಸುರಿಸುವವರು. ನಾನು ರಮಾನಾಥ, ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಇಡ್ಲಿ ಬೇಯಿಸುವವನು. ಸೇವಂತಕ್ಕ ಕೊನೆಯ ಖೋಲಿಯವಳು. ಅವಳ ಗಂಡ ವಿಲೆ ಪಾರ್ಲೆಯ ಒಂದು ಹೋಟೆಲಿನಲ್ಲಿ ಅಡುಗೆಗಿದ್ದ. ಸ್ವಾತಂತ್ರ್ಯ ಬಂದ ವರ್ಷವೇ ಜ್ವರ ಬಂದು ತೀರಿಕೊಂಡ. ಎಲ್ಲರೂ ಅವಳಿಗೆ ಊರ ದಾರಿ ತೋರಿಸಿದರು. "ಅಲ್ಲಿ ಹೋಗಿ ಯಾರ ಮನೆಯ ಮೂಲೆ ಗುಡಿಸುದು? ಇಲ್ಲೇ ಕಾಡು ಉಂಟಲ್ಲ" ಎಂದಳಂತೆ. ಅಂದಿನಿಂದ ಅವಳು ಕಾಡಿಗೆ ಹೋಗಿ ಮುತ್ತುಗದ ಎಲೆ ತರುತ್ತಾಳೆ, ಕಡ್ಡಿ ಚುಚ್ಚಿ ಊಟದೆಲೆ, ದೊನ್ನೆ ಹಚ್ಚುತ್ತಾಳೆ, ಕಟ್ಟು ಕಟ್ಟಿ ಹೋಟೆಲುಗಳಿಗೆ ಕೊಡುತ್ತಾಳೆ. ಸಣ್ಣ ಆಳು, ದೊಡ್ಡ ಗಂಟಲು. ಒಮ್ಮೆ ಹಿಡಿದದ್ದನ್ನು ಬಿಡುವ ಪೈಕಿಯಲ್ಲ.

ಐವತ್ತೆರಡರಲ್ಲಿ ನಮ್ಮ ಕಡೆ ಮಳೆ ಅರ್ಧಕ್ಕೇ ಕೈಕೊಟ್ಟಿತು. ಗಣಪತಿ ಹಬ್ಬ ಕಳೆದ ಮೇಲೆ ಒಂದು ಹನಿ ಬಿದ್ದಿದ್ದರೆ ಕೇಳಿ. ನಮಗೆಲ್ಲ ಅದು ತಿಳಿದದ್ದು ಚಾಳಿನ ಹಳೆಯ ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಹಗ್ಗ ಕಟ್ಟಬೇಕಾಗಿ ಬಂದಾಗ. ಸೇವಂತಕ್ಕನಿಗೆ ದೀಪಾವಳಿಗೇ ತಿಳಿದಿತ್ತು.

"ಎಲೆ ಸಣ್ಣದಾಗಿದೆ ಮಾರಾಯ. ಆರು ಎಲೆಯಲ್ಲಿ ಆಗುವ ಊಟದೆಲೆಗೆ ಈ ವರ್ಷ ಎಂಟು ಬೇಕು" ಎಂದಳು.

"ನಿನ್ನ ಬೆರಳು ದಪ್ಪ ಆಗಿರ್ಬೇಕು ಅಕ್ಕಾ" ಎಂದೆ ನಾನು. ಆಗ ನನಗೆ ಎಲ್ಲವೂ ತಮಾಷೆ.

ಡಿಸೆಂಬರಿನಲ್ಲಿ ಮುತ್ತುಗ ಎಲೆ ಚೆಲ್ಲಲು ಶುರುಮಾಡಿತು. ಎಂದಿನ ಲೆಕ್ಕಕ್ಕೆ ಅದು ಒಂದೂವರೆ ತಿಂಗಳು ಬೇಗ. ಹಿಂದೆಯೇ ಸಾಗುವಾನಿಯೂ ಬೋಳಾಯಿತು. ಸಂಕ್ರಾಂತಿಯ ಹೊತ್ತಿಗೆ ಗುಡ್ಡದ ಮೈಯೆಲ್ಲ ಸುಟ್ಟ ಹಾಗೆ ಕಾಣುತ್ತಿತ್ತು. ಕಾಡೇ ಸತ್ತುಹೋಯಿತು ಎಂದು ನಾನು ಹೊಟ್ಟೆ ಉರಿಸಿಕೊಂಡರೆ ಅವಳು ನಕ್ಕಳು. "ಸಾಯುದಲ್ಲ. ಕೈಯಲ್ಲಿ ನೀರು ಕಡಿಮೆ ಇದ್ದಾಗ ಎಲೆ ಇಟ್ಕೊಂಡ್ರೆ ಖರ್ಚು ಜಾಸ್ತಿ ಅಂತ ಉದುರಿಸ್ತದೆ. ಉಗುರಿನಲ್ಲಿ ಗೀರಿ ನೋಡು, ತೊಗಟೆ ಒಳಗೆ ಹಸಿರೇ ಉಂಟು" ಎಂದಳು. ಗೀರಿ ನೋಡಿದೆ. ಹಸಿರಿತ್ತು. ನೋಡಿದೆ, ಅಷ್ಟಕ್ಕೇ ಮರೆತೆ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಹಳೆಯ ಬಾವಿಯಲ್ಲಿ ಕೊಡಕ್ಕೆ ಕೆಸರು ಬರತೊಡಗಿತು. ಹೆಂಗಸರು ಸ್ಟೇಷನ್ನಿನ ನಲ್ಲಿಯಿಂದ ತಲೆಯ ಮೇಲೆ ಹೊತ್ತು ತರುತ್ತಿದ್ದರು. ಹೋಗಿಬರಲು ಒಂದು ಗಂಟೆಯ ಮೇಲೆ. ಪಕ್ಕದ ಖೋಲಿಯ ವಸಂತಿಗೆ ಆಗಷ್ಟೇ ಹೆರಿಗೆಯಾಗಿತ್ತು. ಬಾಣಂತಿಯ ಸ್ನಾನಕ್ಕೂ ಮಗುವಿನ ಸ್ನಾನಕ್ಕೂ ದಿನಕ್ಕೆ ಎಷ್ಟು ಕೊಡ ಬೇಕು, ನೀವೇ ಅಂದಾಜು ಮಾಡಿ. ಮಗುವನ್ನು ದಿನ ಬಿಟ್ಟು ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ ಮಲಗಿಸುತ್ತಿದ್ದರು. ನಮ್ಮ ಕಡೆಯ ಹೆಂಗಸರಿಗೆ ಅದು ಎಂಥ ಸಂಕಟ ಎಂದು ಹೇಳಿದರೆ ಬೇರೆಯವರಿಗೆ ಅರ್ಥವಾಗುವುದಿಲ್ಲ. ಎಣ್ಣೆ ತಿಕ್ಕಿ, ಹಂಡೆ ತುಂಬ ಬಿಸಿನೀರು ಹೊಯ್ದು ಮೀಯಿಸದ ಮಗು ಮಗುವೇ ಅಲ್ಲ.

ಅಷ್ಟರಲ್ಲಿ ಚಾಳಿನ ಮಾಲೀಕ ಬಂದ. ಬತ್ತಿದ ಬಾವಿ ನೋಡಿದ. ಅವನ ಮುಖದಲ್ಲಿ ದುಃಖವೇನೂ ಕಾಣಲಿಲ್ಲ. ಆ ಜಾಗದಲ್ಲಿ ಗೋದಾಮು ಕಟ್ಟಿಸುವ ಆಸೆ ಅವನಿಗೆ ಮೊದಲಿನಿಂದಲೂ ಇತ್ತು. "ಪಾನಿ ನಹೀಂ ತೋ ಚಾಳ್ ಕೈಸಾ? ನೀರೇ ಇಲ್ಲದ ಮೇಲೆ ಚಾಳ್ ಎಂಥದು? ಮೇ ತಿಂಗಳ ಕೊನೆಯ ತನಕ ನೋಡ್ತೇನೆ. ಆಮೇಲೆ ಎಲ್ಲರೂ ಖಾಲಿ ಮಾಡಿ" ಎಂದ. ಹೊಸ ಬಾವಿ ತೋಡಿಸಿಕೊಡಿ ಎಂದರೆ, "ನೀವೇ ತೋಡ್ಕೊಳ್ಳಿ, ನನ್ನ ಜಾಗದಲ್ಲಿ ಎಲ್ಲಿ ಬೇಕಾದರೂ ತೋಡಿ" ಎಂದು ಕೈಕೊಡವಿ ಹೋದ.

ನಾವೇ ತೋಡುವುದೆಂದು ತೀರ್ಮಾನವಾಯಿತು. ಹೋಟೆಲಿನವರಿಗೆ ಮಧ್ಯಾಹ್ನ ಎರಡರಿಂದ ನಾಲ್ಕು ಬಿಡುವು. ಆ ಎರಡು ಗಂಟೆಯಲ್ಲಿ ಮಲಗುವ ಬದಲು ಹಾರೆ ಹಿಡಿಯುವುದು. ತೋಡುವುದಾದರೆ ಎಲ್ಲಿ? ಚಾಳಿನ ಹಿಂದೆ ಒಂದು ತಗ್ಗಿದೆ, ಮಳೆಗಾಲದಲ್ಲಿ ಸಣ್ಣ ತೊರೆ ಹರಿಯುವ ಜಾಗ. ಅಲ್ಲಿ ಐದಾರು ನೇರಳೆ ಮರ. ಗುಡ್ಡವೆಲ್ಲ ಬೋಳಾಗಿ ನಿಂತಿದ್ದಾಗ ಅವು ಮಾತ್ರ ಮದುವೆಮನೆ ಚಪ್ಪರದ ಹಾಗೆ ಹಚ್ಚಗೆ ನಿಂತಿದ್ದವು. ನಾನು ಎದೆತಟ್ಟಿ ಹೇಳಿದೆ, "ಇನ್ನೆಂತ ಯೋಚನೆ? ತಗ್ಗು, ಹಸಿರು ಮರ. ನಮ್ಮೂರಲ್ಲಿ ಬೈಲಿನ ಬಾವಿಗೆ ಬಗ್ಗಿ ಕೈಹಾಕಿದ್ರೆ ನೀರು ಸಿಗ್ತದೆ. ಇಲ್ಲೇ ತೋಡುವ."

ಚಾಳಿನ ಹಿರಿಯ ಪೂವಪ್ಪಣ್ಣ. ಒಂದು ಕಾಲದಲ್ಲಿ ಊರಲ್ಲಿ ಬಾವಿ ತೋಡುತ್ತಿದ್ದವರು. ಅವರು ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ನಡೆದರು. ನೀರಿರುವಲ್ಲಿ ಕಾಯಿ ಎದ್ದು ನಿಲ್ಲುತ್ತದೆ ಎಂದು ನಮ್ಮವರ ನಂಬಿಕೆ. ನೇರಳೆಯ ಬುಡದಲ್ಲಿ ಕಾಯಿ ಎದ್ದು ನಿಂತಿತು. ಹೆಂಗಸರು ಕೈಮುಗಿದರು.

ಸೇವಂತಕ್ಕ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, "ಅಲ್ಲಿ ಬೇಡ. ಅಲ್ಲಿ" ಎಂದು ಮೇಲಕ್ಕೆ ಕೈತೋರಿಸಿದಳು.

ಮೇಲೆ, ಒಣ ದಿಣ್ಣೆಯ ಮೇಲೆ, ಒಂಟಿ ಸಾಗಡೆ ಮರ. ಗುಡ್ಡದ ವಾರಲಿ ಆದಿವಾಸಿಗಳು ಅದಕ್ಕೆ ಕೋಶಿಂಬ್ ಅನ್ನುತ್ತಾರೆ. ಫೆಬ್ರವರಿಯಲ್ಲಿ ಬೋಳಾಗಿದ್ದ ಅದು ಈಗ ಮೈತುಂಬ ಕೆಂಪು ಚಿಗುರು ಬಿಟ್ಟಿತ್ತು. ಸುತ್ತ ಹುಲ್ಲುಕಡ್ಡಿಯೂ ಇಲ್ಲ. ಕಾಲಿಟ್ಟರೆ ಸುಡುವ ಕಲ್ಲು.

"ಅಲ್ಲಿ ತೋಡಿದ್ರೆ ಬೆಂಕಿ ಬರ್ತದೆ ಅಕ್ಕ" ಎಂದೆ. ಎಲ್ಲರೂ ಗೊಳ್ಳೆಂದರು.

ಅವಳು ನಗಲಿಲ್ಲ. "ಮಳೆ ಬಂದು ಆರು ತಿಂಗಳು ಆಯ್ತು. ಈ ಬಿಸಿಲಲ್ಲಿ ಹೊಸ ಎಲೆ ಬಿಡ್ಬೇಕಾದ್ರೆ ಅದು ಎಲ್ಲಿಂದಲೋ ಕುಡಿತಾ ಉಂಟು. ಆಕಾಶದಿಂದ ಅಲ್ಲವಲ್ಲ? ನೇರಳೆಗೆ ಹನ್ನೆರಡು ತಿಂಗಳೂ ಕಾಲಡಿಯಲ್ಲೇ ನೀರು. ಅದು ಬೇರು ಯಾಕೆ ಇಳಿಸ್ತದೆ? ಎದುರಿಗೇ ತಟ್ಟೆ ಬಂದವನು ಒಲೆ ಉರಿಸ್ಲಿಕ್ಕೆ ಕಲಿತಾನಾ? ಹೋದ ವರ್ಷ ಗಾಳಿಗೆ ಒಂದು ನೇರಳೆ ಬಿತ್ತಲ್ಲ, ಅದರ ಬೇರು ನೋಡಿದ್ದೇನೆ. ದೋಸೆ ಕಾವಲಿ ಹಾಗೆ ಚಪ್ಪಟೆ. ಕಲ್ಲಿನ ಕ್ವಾರಿ ಹತ್ರ ಸಾಗಡೆಯ ಬೇರೂ ನೋಡಿದ್ದೇನೆ. ಕಲ್ಲಿನ ಸಂದಿಯಲ್ಲಿ ಎರಡಾಳು ಕೆಳಗೆ ಇಳಿದು, ಇನ್ನೂ ಕೆಳಗೆ ಹೋಗಿತ್ತು."

ಎಷ್ಟು ಬಿಡಿಸಿ ಹೇಳಿದ್ದಳು! ಆದರೆ ಕೇಳುವ ಕಿವಿ ಬೇಕಲ್ಲ. "ಎಲೆ ಹೆಕ್ಕುವವರು ಬಾವಿಯ ವಿಷಯ ನಮಗೆ ಬಿಡಿ" ಎಂದುಬಿಟ್ಟೆ ನಾನು. ಇವತ್ತಿಗೂ ಆ ಮಾತು ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ತಗ್ಗಿನಲ್ಲಿ ತೋಡಿದೆವು. ಬೆಣ್ಣೆಯಂಥ ಮಣ್ಣು. ಐದೇ ದಿನಕ್ಕೆ ಮೂರು ಕೋಲು ಇಳಿದು ನೀರು ಬಂತು. ಆಹಾ, ಏನು ಕುಣಿತ! ಪೂವಪ್ಪಣ್ಣ ಕಾಯಿ ಒಡೆದರು. ಪಾಯಸವಾಯಿತು. ನಾನು ಸೇವಂತಕ್ಕನ ಎದುರಿಗೇ ಹೋಗಿ, ಅವಳೇ ಹಚ್ಚಿದ ದೊನ್ನೆಯಲ್ಲಿ ಪಾಯಸ ಕೊಟ್ಟು, "ಬೆಂಕಿ ಅಲ್ಲ ಅಕ್ಕ, ನೀರೇ" ಎಂದೆ. ಅವಳು ಪಾಯಸ ಕುಡಿದಳು. "ಒಳ್ಳೆದಾಯ್ತು. ಆದರೆ ಕೊಡಪಾನ ಎಲ್ಲ ತುಂಬಿಸಿ ಇಟ್ಕೊಳ್ಳಿ" ಎಂದಳು.

ಒಂಬತ್ತನೆಯ ದಿನ ನೀರು ಹೋಯಿತು. ಹಗ್ಗ ಉದ್ದ ಮಾಡಿದೆವು, ಒಂದು ಕೋಲು ಮತ್ತೆ ತೋಡಿದೆವು. ಕೆಳಗೆ ಚಪ್ಪಡಿ ಕಲ್ಲು, ಒಂದು ಬಿರುಕೂ ಇಲ್ಲ. ಮೇಲಿನ ಮಣ್ಣು ಹೀರಿಟ್ಟುಕೊಂಡಿದ್ದ ಒಂದಿಷ್ಟು ನೀರನ್ನು ನಾವು ಬಾಚಿ ಕುಡಿದು ಮುಗಿಸಿದ್ದೆವು, ಅಷ್ಟೇ. ಇನ್ನೊಂದು ವಾರಕ್ಕೆ ನೇರಳೆಗಳ ಎಲೆ ಸುರುಟಿಕೊಂಡವು. ಮುತ್ತುಗದ ಹಾಗೆ ಹದವಾಗಿ ಉದುರಿಸಲು ಅವಕ್ಕೆ ಗೊತ್ತಿರಲಿಲ್ಲ. ನಿಂತಲ್ಲೇ, ಎಲೆ ಸಮೇತ ಕಂದಿದವು. ಕಾಲಡಿಯ ನೀರನ್ನೇ ನಂಬಿದ ಮರಗಳು, ಅದು ಜಾರಿದಾಗ ಏನು ಮಾಡಬೇಕೆಂದು ತಿಳಿಯದೆ ಹೋದವು. ಎರಡು ಮರ ಆಮೇಲೆ ಚಿಗುರಲೇ ಇಲ್ಲ.

ಪೂವಪ್ಪಣ್ಣ ಜಗಲಿಯಲ್ಲಿ ತಲೆ ತಗ್ಗಿಸಿ ಕೂತರು. ಸೇವಂತಕ್ಕ ಅವರ ಹತ್ತಿರ ಹೋಗಿ, "ನಿಮ್ಮ ಕಾಯಿ ಸುಳ್ಳು ಹೇಳ್ಲಿಲ್ಲ ಪೂವಪ್ಪಣ್ಣ. ನೀರು ಇತ್ತು. ಎಷ್ಟು ದಿನಕ್ಕೆ ಅಂತ ನಾವು ಯಾರೂ ಕೇಳ್ಲಿಲ್ಲ" ಎಂದಳು. ಮುದುಕರ ಕಣ್ಣಲ್ಲಿ ನೀರು ಬಂತು. ನನಗೂ ಬರಬೇಕಿತ್ತು. ನಾನು ನಾಚಿಕೆಯಿಂದ ಹೋಟೆಲಿನಲ್ಲೇ ಮಲಗತೊಡಗಿದೆ, ಅವಳಿಗೆ ಮುಖ ತೋರಿಸುವುದು ತಪ್ಪಲಿ ಎಂದು.

ಗಂಟುಮೂಟೆ ಕಟ್ಟುವ ಸದ್ದು ಶುರುವಾಯಿತು. ಏಪ್ರಿಲ್ ಮುಗಿಯುವಷ್ಟರಲ್ಲಿ ನಾಲ್ಕು ಖೋಲಿಗೆ ಬೀಗ ಬಿತ್ತು. ಹೋಗುವವರಿಗೆ ಎಲ್ಲೋ ಒಂದು ಹೋಟೆಲಿನ ಅಟ್ಟವಾದರೂ ಇತ್ತು. ಸೇವಂತಕ್ಕನಿಗೆ ಏನಿತ್ತು? ಅವಳ ಅನ್ನ ಇದ್ದದ್ದು ಆ ಕಾಡಿನ ಅಂಚಿನಲ್ಲಿ. ಚಾಳ್ ಬಿಟ್ಟರೆ ಕಾಡು ಬಿಟ್ಟ ಹಾಗೆ, ಕಾಡು ಬಿಟ್ಟರೆ ಮತ್ತೆ ಊರಲ್ಲಿ ಯಾರದೋ ಮನೆಯ ಮೂಲೆ.

ಒಂದು ಮಧ್ಯಾಹ್ನ ಬಟ್ಟೆ ತರಲೆಂದು ಚಾಳಿಗೆ ಬಂದವನು ದಿಣ್ಣೆಯ ಕಡೆಯಿಂದ ಠಣ್ ಠಣ್ ಸದ್ದು ಕೇಳಿ ಹತ್ತಿ ಹೋದೆ. ಸಾಗಡೆಯ ಬುಡದಿಂದ ಎರಡು ಮಾರು ದೂರದಲ್ಲಿ ಗುಂಡಿ. ಅವಳು ಒಬ್ಬಳೇ, ಎದೆಮಟ್ಟ ಇಳಿದಿದ್ದಳು. ಅಂಗೈಗೆ ಮುತ್ತುಗದ ಎಲೆ ಸುತ್ತಿ ಮೇಲೆ ಬಟ್ಟೆ ಕಟ್ಟಿದ್ದಳು. ಬಟ್ಟೆ ಕೆಂಪಾಗಿತ್ತು.

"ಯಾವತ್ತಿಂದ?" ಎಂದೆ.

"ನೀನು ಓಡಿಹೋದ ದಿನದಿಂದ" ಎಂದಳು, ತಲೆ ಎತ್ತದೆ.

"ತಪ್ಪಾಯ್ತು ಅಕ್ಕ" ಎಂದೆ.

"ತಪ್ಪಾದ್ದು ಗೊತ್ತುಂಟು. ಈಗ ಬುಟ್ಟಿ ಹಿಡಿ. ಖಾಲಿಪೀಲಿ ನಿಲ್ಬೇಡ."

ಬುಟ್ಟಿ ಹಿಡಿದೆ. ಮರುದಿನ ಪೂವಪ್ಪಣ್ಣ ಬಂದರು, ತಮ್ಮ ಹಳೆಯ ಹಾರೆಯೊಂದಿಗೆ. ಅದರ ಮರುದಿನದಿಂದ ಉಳಿದ ಎಂಟು ಖೋಲಿಯವರೂ ಬಂದರು. ಮೊರಮು ಮಣ್ಣು, ಕಲ್ಲಿಗಿಂತ ಒಂದು ಕೈ ಕಡಿಮೆ, ಅಷ್ಟೇ. ನಾವು ಅಗೆದೆವು, ಹೆಂಗಸರು ಹೊತ್ತರು. ಗುಂಡಿಯ ಒಂದು ಬದಿಯಲ್ಲಿ ಸಾಗಡೆಯ ಬೇರೊಂದು ತೋಳು ಗಾತ್ರಕ್ಕೆ ನೇರ ಇಳಿಯುತ್ತಿತ್ತು. ಅದಕ್ಕೆ ಹಾರೆ ತಾಗಿಸಿದರೆ ಸೇವಂತಕ್ಕ ಬೈದು ಜನ್ಮ ಜಾಲಾಡುತ್ತಿದ್ದಳು.

ಆರು ಕೋಲಿಗೆ ಕಪ್ಪು ಕಲ್ಲು ಸಿಕ್ಕಿತು. ಮೇ ಅರ್ಧ ಕಳೆದಿತ್ತು. ಬೇರು ಅಲ್ಲಿ ಪೂರ್ವಕ್ಕೆ ತಿರುಗಿ, ಕಲ್ಲಿನ ಒಂದು ಬಿರುಕಿನೊಳಗೆ ನುಗ್ಗಿತ್ತು. ಪೂವಪ್ಪಣ್ಣ ತೂಗುಗುಂಡು ಇಳಿಬಿಟ್ಟು ನೋಡಿದರು. ಬಾವಿ ಅಂದರೆ ತೂಕಕ್ಕೆ ಸರಿಯಾಗಿ ನೆಟ್ಟಗೆ ಇಳಿಯಬೇಕು, ಅವರು ಜನ್ಮದಲ್ಲಿ ಒಂದು ಸೊಟ್ಟ ಬಾವಿ ತೋಡಿದವರಲ್ಲ. "ಬೇರು ಕಡಿಯುವ ಸೇವಂತಿ, ನೆಟ್ಟಗೆ ಹೋಗುವ. ಸೊಟ್ಟ ಬಾವಿ ತೋಡಿದ ಅಂತ ನಾಳೆ ನನ್ನ ಹೆಸರು ಹಾಳಾಗ್ತದೆ" ಎಂದರು. ನನಗೂ ಅದೇ ಸರಿ ಅನ್ನಿಸಿತು. ಕತ್ತಿ ತೆಗೆದುಕೊಂಡೆ.

ಅವಳು ಏಣಿ ಇಳಿದು ಬಂದು ಬೇರಿಗೆ ಬೆನ್ನು ಕೊಟ್ಟು ಕೂತಳು. "ಇದನ್ನು ಕಡಿದ್ರೆ ಮುಂದೆ ದಾರಿ ಕೇಳುದು ಯಾರತ್ರ?" ಎಂದಳು. "ಇಷ್ಟು ವರ್ಷದಿಂದ ನೀರು ಹುಡುಕ್ತಾ ಇಳಿದದ್ದು ಇದು. ನಾವು ಬಂದದ್ದು ನಿನ್ನೆ. ಇದು ಎಲ್ಲಿಗೆ ಹೋಗಿದೆಯೋ ನಾವೂ ಅಲ್ಲಿಗೆ. ಸೊಟ್ಟ ಆದ್ರೆ ಸೊಟ್ಟ. ಹೆಸರು ಹಾಳಾಗುದಾದ್ರೆ ನನ್ನದು ಆಗ್ಲಿ."

ಪೂವಪ್ಪಣ್ಣ ತೂಗುಗುಂಡನ್ನು ಮೇಲೆಳೆದುಕೊಂಡರು. ಆಮೇಲೆ ಅದನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ಮತ್ತೆ ಹೊರತೆಗೆಯಲಿಲ್ಲ.

ಬಿರುಕಿನ ಗುಂಟ ಕಲ್ಲು ಶಿಥಿಲವಾಗಿತ್ತು. ಉಳಿ, ಸುತ್ತಿಗೆ ಹಿಡಿದು ಒಡೆದಷ್ಟೂ ಹೋಳು ಹೋಳಾಗಿ ಬರುತ್ತಿತ್ತು. ಹಾಗಂತ ಸುಲಭವೇನಲ್ಲ. ದಿನಕ್ಕೆ ಒಂದು ಗೇಣು, ಹೆಚ್ಚೆಂದರೆ ಒಂದು ಮೊಳ. ಇಡ್ಲಿ ತಟ್ಟೆ ನನ್ನ ಕೈಯಿಂದ ಜಾರಿ ಬೀಳುತ್ತಿತ್ತು, ಹೋಟೆಲಿನ ಮ್ಯಾನೇಜರನಿಂದ ಬೈಸಿಕೊಂಡೆ. ಸೇವಂತಕ್ಕ ಬೆಳಗಿನಿಂದ ಸಂಜೆಯವರೆಗೂ ಗುಂಡಿಯೊಳಗೆ. ಎಲೆಯ ಕೆಲಸ ಪೂರ್ತಿ ನಿಂತಿತ್ತು. "ಈಗ ಎಲೆ ಹಚ್ಚಿದ್ರೆ ಮುಂದಿನ ತಿಂಗಳು ಎಲ್ಲಿ ಕೂತು ಹಚ್ಚುದು?" ಎನ್ನುತ್ತಿದ್ದಳು.

ಮೇ ಕೊನೆಯ ವಾರ ವಸಂತಿಯ ಗಂಡ ಬಂದು, ಮುಲುಂಡಿನಲ್ಲಿ ನೆಂಟರ ಮನೆಯಲ್ಲಿ ಒಂದು ಮೂಲೆ ಸಿಕ್ಕಿದೆ, ಭಾನುವಾರ ಹೊರಡುವುದು ಎಂದ. ಅವನದ್ದೂ ತಪ್ಪಲ್ಲ. ಮಗುವಿನ ಮೈಮೇಲೆ ಬೆವರುಸಾಲೆ ಎದ್ದು ಅದು ದಿನವಿಡೀ ಅಳುತ್ತಿತ್ತು. ಆ ಅಳು ಬಾವಿಯ ಕೆಳಗಿನ ತನಕ ಕೇಳಿಸುತ್ತಿತ್ತು. ವಸಂತಿ ಹಂಡೆಯನ್ನು ಹಾಸಿಗೆಯೊಳಗೆ ಸುತ್ತಿ ಕಟ್ಟಿದಳು. ಅವರು ಹೋದರೆ ಉಳಿದವರೂ ಒಬ್ಬೊಬ್ಬರಾಗಿ ಜಾರುತ್ತಾರೆ ಎಂದು ನಮಗೆಲ್ಲ ಗೊತ್ತಿತ್ತು. ಸೇವಂತಕ್ಕ ಉಳಿ ಹಿಡಿದು ಮತ್ತೆ ಗುಂಡಿಗೆ ಇಳಿದಳು. ಆ ದಿನ ಊಟಕ್ಕೂ ಮೇಲೆ ಬರಲಿಲ್ಲ.

ಶನಿವಾರ ಮಧ್ಯಾಹ್ನ. ಹನ್ನೊಂದು ಕೋಲು ಮುಗಿದು ಹನ್ನೆರಡಕ್ಕೆ ಇಳಿದಿದ್ದೆವು. ಕೆಳಗೆ ಒಬ್ಬರಷ್ಟೇ ಹಿಡಿಸುವ ಇಕ್ಕಟ್ಟು. ಆ ಹೊತ್ತಿಗೆ ನಾನಿದ್ದೆ. ಬೇರು ಈಗ ಹೆಬ್ಬೆರಳಿನಷ್ಟಾಗಿತ್ತು. ನನಗೆ ಒಳಗೊಳಗೇ ದಿಗಿಲು. ಇದೂ ಇಲ್ಲೇ ಮುಗಿದರೆ? ಒಂದು ಹೋಳು ಕಲ್ಲನ್ನು ಎಬ್ಬಿಸಿ ತೆಗೆದೆ. ಹಿಂದೆ ಬೇರು ಸಾವಿರ ಎಳೆಯಾಗಿ ಒಡೆದು, ಬಿರುಕಿನ ತುಂಬ ಕೆಂಪು ಕೂದಲಿನ ಹಾಗೆ ಹರಡಿತ್ತು. ಕೈಯಿಟ್ಟೆ. ತಣ್ಣಗಿತ್ತು. ಕೈ ತೆಗೆದು ನೋಡಿದರೆ ಒದ್ದೆ.

"ಅಕ್ಕಾ!" ಎಂದು ಕೂಗಿದೆ.

"ಎಂತ? ಕಾಲ ಮೇಲೆ ಕಲ್ಲು ಬಿತ್ತಾ?" ಮೇಲಿನಿಂದ ಅವಳ ಸ್ವರ.

"ಒದ್ದೆ ಅಕ್ಕಾ, ಒದ್ದೆ!"

"ಹಾಗಾದ್ರೆ ಬೊಬ್ಬೆ ಹೊಡೆಯುದು ಯಾಕೆ? ಇನ್ನೊಂದು ಗೇಣು ಒಡಿ."

ಒಡೆದೆ. ಆ ಎಳೆಗಳ ನಡುವಿನಿಂದ ನೀರು ಜಿನುಗಿತು, ಆಮೇಲೆ ಸಣ್ಣಗೆ ಹರಿಯಿತು, ಆಮೇಲೆ ನನ್ನ ಹಿಮ್ಮಡಿ ಮುಳುಗಿತು. ನಾನು ಅಲ್ಲೇ ಕೂತು ಗೊಳೋ ಎಂದು ಅತ್ತೆ. ನಾಚಿಕೆಯೇನಿಲ್ಲ, ಅತ್ತೆ. ಮೇಲೆ ಪೂವಪ್ಪಣ್ಣ ದೇವರ ಹೆಸರನ್ನೆಲ್ಲ ಒಂದೊಂದಾಗಿ ಕೂಗುತ್ತಿದ್ದರು.

ಭಾನುವಾರ ಬೆಳಿಗ್ಗೆ ಕೆಸರು ಕೂತು ನೀರು ತಿಳಿಯಾಗಿತ್ತು, ಸೊಂಟದ ಮಟ್ಟ ನಿಂತಿತ್ತು. ಮೊದಲ ಕೊಡ ಎಳೆಯುವ ಭಾಗ್ಯ ಸೇವಂತಕ್ಕನದು. ಆದರೆ ಅವಳ ಅಂಗೈಯಲ್ಲಿ ಹಗ್ಗ ಹಿಡಿಯಲು ಚರ್ಮವೇ ಉಳಿದಿರಲಿಲ್ಲ. "ನೀನೇ ಎಳಿ" ಎಂದಳು. ಕೊಡ ಗೋಡೆಗೆ ಬಡಿಯುತ್ತ, ಸದ್ದು ಮಾಡುತ್ತ ಮೇಲೆ ಬಂತು. ಇಡೀ ಚಾಳ್ ನಿಂತಿತ್ತು. ನನಗೆ ಭಕ್ತಿ ಉಕ್ಕಿತು. ಕೊಡ ಹೆಗಲಿಗೇರಿಸಿ ನೇರ ಸಾಗಡೆಯ ಬುಡಕ್ಕೆ ಹೋದೆ, ಮೊದಲ ನೀರು ಆ ಮರಕ್ಕೇ ಹೊಯ್ಯಬೇಕೆಂದು.

"ಏಯ್ ರಮಾನಾಥ!" ಹಿಂದಿನಿಂದ ಗುಡುಗು ಬಂತು. "ಮಂಡೆ ಸರಿ ಉಂಟಾ ನಿಂಗೆ? ಅದು ನಮ್ಮನ್ನು ಕಾದು ಕೂತಿಲ್ಲ ಮಾರಾಯ, ಯಾವಾಗಲೋ ಕುಡಿದಾಗಿದೆ. ಕೊಡ ವಸಂತಿಯ ಖೋಲಿಗೆ ತೆಗೊಂಡು ಹೋಗು."

ತೆಗೆದುಕೊಂಡು ಹೋದೆ. ಬಾಗಿಲಲ್ಲಿ ಗಂಟುಗಳು ಸಾಲಾಗಿ ನಿಂತಿದ್ದವು. ವಸಂತಿಯ ಗಂಡ ಟಾಂಗಾ ಕರೆಯಲು ಹೊರಟವನು ಕೊಡ ನೋಡಿ ಅಲ್ಲೇ ನಿಂತ. ವಸಂತಿ ನನ್ನ ಮುಖ ನೋಡಿದಳು, ನನ್ನ ಹಿಂದೆ ಕೈಗೆ ಎಲೆ ಸುತ್ತಿಕೊಂಡು ಬಂದು ನಿಂತಿದ್ದ ಸೇವಂತಕ್ಕನ ಮುಖ ನೋಡಿದಳು. ಆಮೇಲೆ ಮಗುವನ್ನು ಗಂಡನ ಕೈಗೆ ಕೊಟ್ಟು, ಕೂತು, ಹಾಸಿಗೆಯ ಗಂಟು ಬಿಚ್ಚಿ, ಮೀಯಿಸುವ ಹಂಡೆ ಹೊರಗೆ ತೆಗೆದಳು.